ಕಿತ್ತೂರಿನಿಂದ ತಂದ ಮದುಮಗ

ತೊಂಬತ್ತರ ದಶಕದ ಕೊನೆಯ ಒಂದು ಜೂನ್. ಮಿರಗದ, ಅಂದರೆ ಮೃಗಶಿರಾ ಮಳೆಯ ದಿನ ದಾಟಿದರೂ ರಾಮದುರ್ಗದ ಕಡೆಯ ನಮ್ಮೂರಿನಲ್ಲಿ ಮೋಡದ ಸುಳಿವಿಲ್ಲ. ಮಳೆಗಾಗಿ ಕಪ್ಪೆಗಳ ಮದುವೆ ಮಾಡುವುದೆಂದು ಓಣಿಯವರು ನಿಶ್ಚಯಿಸಿದರು. ಹಿರಿತನ ನಮ್ಮ ಅತ್ತೆಯದು. ನಾನು ಸೊಸೆಯಾಗಿ ಬಂದು ನಾಲ್ಕೇ ತಿಂಗಳಾಗಿತ್ತು. ಕಿತ್ತೂರಿನವಳು, ಸಾಲದ್ದಕ್ಕೆ ಬಿಎಸ್ಸಿ ಓದಿದವಳು. ಈ ಎರಡು ಅಪರಾಧಗಳಿಗಾಗಿ ಅತ್ತೆ ನನ್ನೆದುರು ಒಮ್ಮೆಯೂ ನಕ್ಕಿರಲಿಲ್ಲ. ಆ ಒಂದು ನಗುವಿಗಾಗಿ ನಾನು ಏನು ಮಾಡಲೂ ತಯಾರಿದ್ದೆ.

ಹೆಣ್ಣು ಬಚ್ಚಲ ಕಲ್ಲಿನ ಕೆಳಗೇ ಸಿಕ್ಕಿತು. ಮೈತುಂಬ ಗಂಟು, ಗಂಭೀರ ಮುಖದ ನೆಲಗಪ್ಪೆ. ಗಂಡನ್ನೂ ಅಲ್ಲೇ ಹುಡುಕಹೊರಟವರನ್ನು ಅತ್ತೆ ತಡೆದರು.

"ಒಂದ ಊರಾಗ ಹೆಣ್ಣು ಗಂಡು ನೋಡ್ತಾರೇನು? ಅಣ್ಣ ತಂಗಿ ಆಗ್ತಾವ. ಬ್ಯಾರೆ ಊರಿಂದ ತರ್ರಿ!"

ಬೇರೆ ಊರೆಂದರೆ ನನ್ನ ತವರು; ತರಲು ನಾನೇ ಹೊರಟೆ. ಗದ್ದೆ, ಕೆರೆ, ಮಲೆನಾಡಿನಿಂದ ಬೀಸುವ ತಂಪು ಗಾಳಿ ಇರುವ ಕಿತ್ತೂರಿನಲ್ಲಿ ಕಪ್ಪೆಗಳಿಗೇನು ಬರ? ಗಿಡ ಏರುವವು, ಗೋಡೆ ಏರುವವು, ಉಗುರಿನಷ್ಟೇ ಇರುವವು. ಬೆರಳ ತುದಿ ಗುಂಡಗಿದ್ದ ಚೆಲುವ ಮರಗಪ್ಪೆಯನ್ನು ಆರಿಸಿದೆ. ಜಾತಿಯೇ ಬೇರೆಯೆಂದು ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ತೂತು ಕೊರೆದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಬೈಲಹೊಂಗಲಕ್ಕೆ ಎರೆಹೊಲ ಬಂತು, ಸವದತ್ತಿ ದಾಟಿದ ಮೇಲೆ ಬರೀ ಕಲ್ಲುಗುಡ್ಡ.

"ಡಬ್ಬ್ಯಾಗ ಏನೈತ್ರಿ ಅಕ್ಕಾರ?" ಎಂದ ಕಂಡಕ್ಟರ್.

"ಮದುಮಗ."

ಆತ ಮತ್ತೆ ನನ್ನ ಸೀಟಿನ ಕಡೆ ಬರಲಿಲ್ಲ.

ಅಕ್ಷತೆ ಬೀಳುತ್ತಿದ್ದಂತೆ ಮದುಮಗ ಮದುವೆ ಮಾಡಿಸುತ್ತಿದ್ದ ಅಯ್ಯನವರ ರುಮಾಲಿಗೆ ನೆಗೆದ, ಅಲ್ಲಿಂದ ಕಂಬಕ್ಕೆ, ಕಂಬದಿಂದ ತೊಲೆಗೆ. ಮದುಮಗಳು ಮಣೆಯ ಮೇಲೆ ಅಲುಗಾಡಲಿಲ್ಲ. ಓಣಿಯೇ ಬಿದ್ದು ಬಿದ್ದು ನಕ್ಕಿತು. ಅತ್ತೆ ಮಾತ್ರ ನನ್ನ ಮುಖ ನೋಡಿದರು. ನಾನು ಬಗ್ಗಿ ಚೆಲ್ಲಿದ ಅಕ್ಷತೆ ಆರಿಸತೊಡಗಿದೆ.

ಮೂರನೆಯ ದಿನ ಸಂಜೆ ಮಳೆ ಹೊಡೆಯಿತು. ಹಿತ್ತಲಿನ ನೆಲ ಅಲ್ಲಲ್ಲಿ ಎದ್ದು, ಲಾಡಿನಂಥ ದುಂಡು ಕಪ್ಪೆಗಳು ಒಂದೊಂದಾಗಿ ಹೊರಬಿದ್ದು ಒದರತೊಡಗಿದವು. ನನಗೆ ತಡೆಯಲಾಗಲಿಲ್ಲ.

"ಅತ್ತಿ, ಇವು ಈ ಊರಿನವ ರೀ! ಮಳಿ ಬರೂತನಕ ಮಣ್ಣಾಗ ಮಲಗಿರ್ತಾವ. ನಮ್ಮ ಕಿತ್ತೂರ ಗಿಡಗಪ್ಪಿಗೆ ಈ ವಿದ್ಯಾ ಬರೂದಿಲ್ಲ."

ಅತ್ತೆ ಕಣ್ಣರಳಿಸಿದರು. "ಹಿತ್ತಲದಾಗ ಇಷ್ಟು ವರ ಇಟ್ಕೊಂಡು ಕಿತ್ತೂರತನಕ ಹೋಗಿದ್ವೇನ!" ಎಂದವರೇ ಬಾಯಿಗೆ ಸೆರಗು ಒತ್ತಿಕೊಂಡು ಕಟ್ಟೆಯ ಮೇಲೆ ಕುಸಿದು ಕುಳಿತು ನಕ್ಕರು. ನಾನೂ ಪಕ್ಕದಲ್ಲೇ ಕುಳಿತು, ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

"ತೊಲಿ ಮ್ಯಾಲಿನದನ್ನ ಹಿಡದು ತವರಿಗೆ ಬಿಟ್ಟು ಬರ್ಲೇನ್ರಿ?" ಎಂದೆ ಕೊನೆಗೆ.

ಅತ್ತೆ ಕಣ್ಣೊರೆಸಿಕೊಂಡರು. "ಬ್ಯಾಡ. ಕಿತ್ತೂರಿಂದ ಬಂದದ್ದನ್ನ ನಾವು ತಿರುಗಿ ಕಳಸೂದಿಲ್ಲ. ನಾಳೆ ಬಚ್ಚಲ ನೀರಿಗೆ ಒಂದು ಬಾಳಿ ಗಿಡ ಹಚ್ಚು. ಅದಕ್ಕ ಹತ್ತಾಕ ಏನರೆ ಬೇಕಲ್ಲ."