ಸುಡಾನಿನ ಡಾಕ್ಟರಿಗೆ ಓದಿ ಹೇಳಿದ ಕಾಗದ

ಕೈಕುಲುಕಿದ ಮೇಲೆ ಆ ಕೈಯನ್ನು ಅವರು ಒಂದು ಗಳಿಗೆ ತಮ್ಮ ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಉದ್ದನೆಯ ಬೆರಳುಗಳು, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಸಗಣಿಯ ಹಸಿರು. ಸುಡಾನಿನವರು. ನಮ್ಮ ಸರ್ಕಾರ ಆಫ್ರಿಕಾದ ವಿದ್ಯಾರ್ಥಿಗಳಿಗೆ ಕೊಡುವ ವೇತನದಲ್ಲಿ ಬಂದು, ಅಮೃತಮಹಲ್ ದನಗಳ ಮೇಲೆ ಸಂಶೋಧನೆ ಮಾಡುತ್ತಾ, ಅಜ್ಜಂಪುರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಎರಡು ವರ್ಷ ಇದ್ದರು. ಊರಿಗೆಲ್ಲ ಅವರು ಡಾಕ್ಟರು.

ಕನ್ನಡ ಕಲಿತದ್ದು ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಕಾಯುವವರಿಂದ. ಹಾಗಾಗಿ ಬೈಗುಳ ಮೊದಲು ಬಂತು, ಮರ್ಯಾದೆ ಆಮೇಲೆ. ಹಾಯಲು ಬರುವ ಹೋರಿಯ ಮುಂದೆ ಓಡದೆ, ಮೆತ್ತಗೆ ಏನೋ ಗುನುಗುತ್ತಾ ನಿಲ್ಲುತ್ತಿದ್ದರು. "ಅದ್ಕೂ ಭಯ ಕಣಣ್ಣಾ, ನಂಗೂ ಭಯ. ಇಬ್ರೂ ಸುಮ್ನೆ ನಿಂತ್ರೆ ಆಯ್ತು" ಎನ್ನುವರು.

ಅವರ ದೇಶದಲ್ಲಿ ಯುದ್ಧ ಹತ್ತಿಕೊಂಡಿತು. ನಮ್ಮ ಸರ್ಕಾರ ವಿಮಾನ, ಹಡಗು ಕಳಿಸಿ ಅಲ್ಲಿದ್ದ ನಮ್ಮವರನ್ನು ಕರೆತಂದಿತು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಮೈಸೂರುಪಾಕು ತಂದು ಡಾಕ್ಟರ ಕೈಗೇ ಕೊಟ್ಟೆ. ಬುದ್ಧಿ ಎಲ್ಲಿಗೆ ಹೋಗಿತ್ತೋ! ಅವರು ಒಂದು ತುಂಡು ತಿಂದು, "ಒಳ್ಳೇದಾಯ್ತು. ನಮ್ಮಮ್ಮ ಅಲ್ಲೇ ಅವ್ಳೆ" ಎಂದರು.

ನಾನು ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆಯುವವನು. ಮರುವಾರ ಅವರೇ ನನ್ನ ಮೇಜಿನ ಹತ್ತಿರ ಬಂದರು. "ನೀವು ಬರೆದ್ರೆ ಕೆಲ್ಸ ಆಯ್ತದಂತೆ. ನಮ್ಮಮ್ಮನ್ನೂ ಕರ್ಕೊಂಡ್ಬನ್ನಿ ಅಂತ ಬರೀರಣ್ಣಾ." ಬೆಂಗಳೂರಿನಲ್ಲಿದ್ದ ಅವರ ದೇಶದವರು, ಸುಮ್ಮನಿರು, ವೀಸಾಕ್ಕೆ ಕುತ್ತು ಬಂದೀತು ಎಂದಿದ್ದರಂತೆ. ಖಾತೆ, ಪಹಣಿ, ಪಿಂಚಣಿಗೆ ಕಣ್ಣುಮುಚ್ಚಿ ಬರೆಯುವ ನನಗೆ ಇದನ್ನು ಯಾರಿಗೆ ಬರೆಯಬೇಕೆಂದೇ ತಿಳಿಯಲಿಲ್ಲ. ಅವರ ತಾಯಿ ನಮ್ಮ ದೇಶಕ್ಕೆ ಏನಾಗಬೇಕು? ಕೊನೆಗೆ ದೆಹಲಿಯ ಒಂದು ದೊಡ್ಡ ಕಚೇರಿಗೆ ಬರೆದು, ನಮ್ಮ ಮನೆಯ ವಿಳಾಸ ಕೊಟ್ಟು ಕಳಿಸಿದೆ.

ಉತ್ತರ ಬಂತು, ಇಂಗ್ಲಿಷಿನಲ್ಲಿ ಎರಡೇ ಸಾಲು. ಈ ವ್ಯವಸ್ಥೆ ಭಾರತೀಯರಿಗೆ ಮಾತ್ರ. ಓದಲು ಬಾರದವರಿಗೆ ಇಂಥ ಕಾಗದವನ್ನು ನಾನು ಇದ್ದಂತೆ ಓದುವುದಿಲ್ಲ, ಒಂದಿಷ್ಟು ಮೆತ್ತಗೆ ಮಾಡಿ ಹೇಳುತ್ತೇನೆ. ಮೂವತ್ತು ವರ್ಷದ ಅಭ್ಯಾಸ. ಸಂಜೆ ಡಾಕ್ಟರು ಬಂದಾಗಲೂ ಅದೇ ಬಾಯಿಗೆ ಬಂತು. "ಪರಿಶೀಲಿಸ್ತಾರಂತೆ ಡಾಕ್ಟ್ರೇ, ಸ್ವಲ್ಪ ಕಾಯ್ಬೇಕಂತೆ."

ಅವರು ಕಾಗದ ತೆಗೆದುಕೊಂಡು ಕಣ್ಣಾಡಿಸಿದರು. ಆಗ ಹೊಳೆಯಿತು, ತಮ್ಮ ಸಂಶೋಧನೆಯನ್ನೆಲ್ಲ ಇಂಗ್ಲಿಷಿನಲ್ಲೇ ಬರೆಯುವವರು ಅವರು. ನಾಚಿಕೆಯಿಂದ ನೆಲ ನೋಡಿದೆ.

"ಚೆನ್ನಾಗಿ ಓದಿದ್ರಿ ಅಣ್ಣಾ" ಎಂದರು. ಕೋಪವಿರಲಿಲ್ಲ. ಅಲ್ಲೇ ಕೂತು ತಾಯಿಗೆ ಫೋನು ಮಾಡಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಆ ಕಡೆಯಿಂದ ಮುದುಕಿಯ ನಗು ಕೇಳಿಸಿತು.

"ಏನಂದ್ರಿ?"

"ನೀವು ಓದಿದ್ನೇ ಹೇಳ್ದೆ. ಇನ್ನು ಎಲ್ಲೂ ಹೋಗಲ್ವಂತೆ. ಗಂಟು ಕಟ್ಕೊಂಡು ಮನೇಲೇ ಕಾಯ್ತಾಳಂತೆ."

ಹದಿನೈದು ದಿನಕ್ಕೆ ತಾಯಿಯ ಫೋನಿಗೆ ಕರೆ ಹೋಗದಾಯಿತು. ಸುಡಾನಿನಿಂದ ಗಡಿ ದಾಟಿ ಬಂದವರ ನಡುವೆ ತಾಯಿಯನ್ನು ಹುಡುಕಲು ಡಾಕ್ಟರು ಈಜಿಪ್ಟಿಗೆ ಹೋದರು. ತಾಯಿಯ ಬೀದಿಯವರೆಲ್ಲ ಕಾಗದ ಬಂದ ವಾರವೇ ಊರು ಬಿಟ್ಟಿದ್ದರೆಂದು ಹೊರಡುವಾಗ ಹೇಳಿದರು. ನನ್ನನ್ನು ದೂರಲಿಲ್ಲ. ಆಮೇಲೆ ಅವರ ಸುದ್ದಿಯೂ ಇಲ್ಲ.

ಈಗಲೂ ಜನ ಸರ್ಕಾರದ ಉತ್ತರ ಹಿಡಿದು ಬರುತ್ತಾರೆ, ಓದಿ ಹೇಳಿ ಎನ್ನುತ್ತಾರೆ. ಇದ್ದಂತೆ ಓದಲೋ, ಮೆತ್ತಗೆ ಓದಲೋ ಗೊತ್ತಾಗದೆ ಕಾಗದ ಹಿಡಿದು ಕೂತುಬಿಡುತ್ತೇನೆ.