ಓನರಮ್ಮನ ಎಡಗೈ

ಓನರಮ್ಮನ ಎಡಗೈ ಮೇಲೆ ಮಣಿಕಟ್ಟಿನಿಂದ ಕಿರುಬೆರಳಿನವರೆಗೂ ಒಂದು ಹಳೆಯ ಬರೆ ಇತ್ತು. ಬಳೆಗಳನ್ನು ಎಷ್ಟು ಕೆಳಗೆ ಜಾರಿಸಿದರೂ ಅದು ಮುಚ್ಚುತ್ತಿರಲಿಲ್ಲ. ಹೊಸಬರು ಯಾರಾದರೂ ಬಂದರೆ ಆ ಕೈ ತಾನಾಗಿ ಸೆರಗಿನೊಳಗೆ ಸೇರಿಕೊಳ್ಳುತ್ತಿತ್ತು. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಉಣ್ಣುತ್ತಿದ್ದರೆಂದು ಅವರಜ್ಜಿ ಕೊಳ್ಳಿಯಲ್ಲಿ ಎಳೆದ ಬರೆಯಂತೆ. "ಆವತ್ತಿಂದ ಇದುನ್ನ ಮಲಗ್ಸಿಬುಟ್ಟಿವ್ನಿ" ಎನ್ನುತ್ತಿದ್ದರು, ಬೇರೆ ಯಾರದೋ ಕೈಯ ಸುದ್ದಿ ಹೇಳುವ ಹಾಗೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಅಪ್ಪನಿಗೆ ತುಮಕೂರು ರಸ್ತೆಯ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಮಾಕಳಿಯಲ್ಲಿ ಓನರಮ್ಮನ ಸಾಲುಮನೆಗಳಲ್ಲೊಂದು ನಮ್ಮ ಬಾಡಿಗೆ ಮನೆ. ಅವರ ಹೊಲದಲ್ಲಿ ಅರ್ಧ ಫ್ಯಾಕ್ಟರಿಗೆ ಹೋಗಿತ್ತು, ಉಳಿದರ್ಧದಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದರು. ಯಾರ ಮನೆಯ ಸಾರಿಗೆ ಉಪ್ಪು ಕಮ್ಮಿ, ಯಾರ ಗಂಡ ಓವರ್‌ಟೈಮ್ ಅಂತ ಹೇಳಿ ಇಸ್ಪೀಟಿಗೆ ಕೂತ, ಎಲ್ಲವೂ ಅವರಿಗೆ ಗೊತ್ತು. ಬಾಡಿಗೆಯವರ ವಿಷಯದಲ್ಲಿ ಮೂಗು ತೂರಿಸದೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ನಾನು ಬಿ.ಎ.ಗೆ ಮನಶ್ಶಾಸ್ತ್ರ ತಗೊಳ್ಳುತ್ತೇನೆ ಎಂದಾಗ ಆ ಮೂಗೇ ನನ್ನನ್ನು ಕಾಪಾಡಿತು. "ಹುಚ್ಚರ ಸಹವಾಸಕ್ಕೆ ನನ್ನ ಮಗಳೇ ಬೇಕಿತ್ತಾ? ಟೈಪಿಂಗ್ ಕಲೀಲಿ" ಎಂದು ಅಪ್ಪ ಕೂಗಾಡುತ್ತಿದ್ದರು. ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಓನರಮ್ಮ, "ಏನ್ ಸಾರ್ ನೀವು! ಮಿಸೀನ್ ರಿಪೇರಿ ಮಾಡೋರು ಮಿಸೀನ್ ಆಗೋಯ್ತಾರಾ? ಓದ್ಲಿ ಬುಡಿ" ಎಂದರು. ಅಪ್ಪ ನಕ್ಕುಬಿಟ್ಟರು, ಒಪ್ಪಿಯೂ ಬಿಟ್ಟರು. ಆದರೆ ಒಂದು ಶರತ್ತು ಹಾಕಿದರು. ಒಂದೇ ಒಂದು ಪೇಪರ್ ಫೇಲಾದರೂ ಕಾಲೇಜು ಬಂದ್, ಅತ್ತೆಯ ಮಗನ ಜೊತೆ ಮದುವೆ.

ಮನಶ್ಶಾಸ್ತ್ರಕ್ಕೂ ಪ್ರಾಕ್ಟಿಕಲ್ ಇರುತ್ತದೆ ಎಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಪರೀಕ್ಷೆಗೆ ನಾವೇ ಒಬ್ಬರನ್ನು ಕರೆದುಕೊಂಡು ಹೋಗಿ ಅವರ ಮೇಲೆ ಪ್ರಯೋಗ ಮಾಡಿ ತೋರಿಸಬೇಕು. ಹಾಗೆ ಬಂದವರಿಗೆ ಸಬ್ಜೆಕ್ಟ್ ಎನ್ನುತ್ತಿದ್ದೆವು. ಅಮ್ಮನಿಗೆ ಕಾಲೇಜಿನ ಗೇಟು ಎಂದರೇ ಭಯ. ಓನರಮ್ಮ ತಾವಾಗಿಯೇ, "ನಾನ್ ಬತ್ತೀನಿ ನಡಿ" ಎಂದರು. ಮನೆಯಲ್ಲಿ ಅವರ ಮೇಲೆ ಒಂದೊಂದೇ ಪ್ರಯೋಗ ಮಾಡಿ ಕೈ ಪಳಗಿಸಿಕೊಂಡೆ. ಎಲ್ಲದರಲ್ಲೂ ಗೆದ್ದವರು ಕನ್ನಡಿ ಪ್ರಯೋಗದಲ್ಲಿ ಮಾತ್ರ ಸೋತರು. ಅದರಲ್ಲಿ ಕೈಗೆ ಮರೆ ಇಟ್ಟಿರುತ್ತಾರೆ. ಕನ್ನಡಿಯನ್ನಷ್ಟೇ ನೋಡುತ್ತ, ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಕನ್ನಡಿಯಲ್ಲಿ ಎಲ್ಲ ತಿರುವುಮುರುವು. ಓನರಮ್ಮನ ಪೆನ್ಸಿಲ್ ಮೊದಲ ಮೂಲೆಯಲ್ಲೇ ನಿಂತುಹೋಯಿತು. "ಥೂ, ನನ್ ಕೈಯೇ ನನ್ ಮಾತ್ ಕೇಳಕಿಲ್ವಲ್ಲ" ಎಂದು ಎದ್ದುಹೋದರು. ಮಾರನೆಯ ದಿನದಿಂದ ಅವರ ಅಂಗಳದಲ್ಲಿ ದಿನವೂ ನಕ್ಷತ್ರದ ರಂಗೋಲಿ. ಚೆನ್ನಾಗಿದೆ ಎಂದುಕೊಂಡೆನೇ ಹೊರತು ಬೇರೇನೂ ನನಗೆ ಹೊಳೆಯಲಿಲ್ಲ.

ಪರೀಕ್ಷೆಯ ದಿನ ಕಾಲೇಜಿನ ಜಗಲಿಯ ತುಂಬ ಸಬ್ಜೆಕ್ಟುಗಳು, ಮದುವೆ ಮನೆಗೆ ಬಂದವರ ಹಾಗೆ ತಲೆ ಬಾಚಿ ಕೂತಿದ್ದರು. ನಮ್ಮ ಓನರಮ್ಮನದು ರೇಷ್ಮೆ ಸೀರೆ, ಮುಡಿ ತುಂಬ ಕನಕಾಂಬರ. ಚೀಟಿ ಎತ್ತಿದರೆ ನನಗೆ ಬಂದದ್ದು ಕನ್ನಡಿಯೇ. ಸಬ್ಜೆಕ್ಟ್ ಮೊದಲು ತಪ್ಪಬೇಕು, ಮಾಡುತ್ತ ಮಾಡುತ್ತ ತಪ್ಪು ಇಳಿಯಬೇಕು. ಆ ಕಲಿಕೆಯನ್ನು ಗ್ರಾಫಿನಲ್ಲಿ ತೋರಿಸಿದರೇ ಅಂಕ. ಓನರಮ್ಮ ಪೆನ್ಸಿಲ್ ಹಿಡಿದು ಮೊದಲ ಸಲಕ್ಕೇ ಒಂದು ಗೆರೆಗೂ ತಾಕಿಸದೆ ನಕ್ಷತ್ರ ಸುತ್ತಿ ಬಂದರು. ಎರಡನೆಯ ಸಲವೂ ಹಾಗೆಯೇ. ಆಮೇಲೆ ಹೆಮ್ಮೆಯಿಂದ ನನ್ನ ಮುಖ ನೋಡಿದರು. ನನಗೆ ಅತ್ತೆಯ ಮಗನ ಮುಖ ಕಂಡಂತಾಯಿತು.

"ಏನಮ್ಮ ಇದು? ಇವರಿಗೆ ಕಲಿಯೋಕೆ ಏನೂ ಉಳಿದೇ ಇಲ್ಲವಲ್ಲ" ಎಂದರು ಪರೀಕ್ಷಕರು.

ಓನರಮ್ಮನ ಮುಖದ ಬಣ್ಣ ಇಳಿಯಿತು. "ಸಾಮಿ, ಈ ಹುಡ್ಗಿ ಪಾಸಾಗ್ಲಿ ಅಂತ ದಿನಾ ರಂಗೋಲಿ ಮುಂದೆ ಕನ್ನಡಿ ಮಡಿಕ್ಕಂಡು ತಿದ್ದಿವ್ನಿ. ತಪ್ಪು ನಂದು. ಅವ್ಳುನ್ನ ಫೇಲ್ ಮಾಡ್ಬ್ಯಾಡಿ."

ಪರೀಕ್ಷಕರು ನನ್ನ ಕಡೆ ತಿರುಗಿದರು. "ಈಗ ಏನು ಮಾಡ್ತೀಯ?"

ಒಂದು ಕೈ ಕಲಿತದ್ದು ಇನ್ನೊಂದು ಕೈಗೆ ಎಷ್ಟು ದಾಟುತ್ತದೆ ಎಂಬ ಪಾಠ ನಮಗಿತ್ತು. "ಎಡಗೈಯಲ್ಲಿ ಮಾಡಿಸ್ತೀನಿ ಸರ್" ಎಂದೆ. ಆಗಲಿ ಎಂದು ಅವರು ತಲೆ ಆಡಿಸಿದರು. ಆದರೆ ಓನರಮ್ಮನ ಎಡಗೈ ಆಗಲೇ ಸೆರಗಿನೊಳಗಿತ್ತು.

"ದೊಡ್ಡೋರ ಮುಂದೆ ಎಡಗೈನಾಗಾ? ಬ್ಯಾಡ ಕಣವ್ವ."

"ಓನರಮ್ಮ, ಇಲ್ಲಿ ಯಾರೂ ಬರೆ ಹಾಕಲ್ಲ" ಎಂದು ಮೆಲ್ಲಗೆ ಹೇಳಿದೆ.

ಸೆರಗಿನಿಂದ ಕೈ ಹೊರಗೆ ಬರಲು ತುಂಬ ಹೊತ್ತು ಹಿಡಿಯಿತು. ಮೊದಲ ಸುತ್ತಿನಲ್ಲಿ ಪೆನ್ಸಿಲ್ ಗೆರೆ ದಾಟಿ ಎಲ್ಲೆಲ್ಲೋ ಹೋಯಿತು. ಎರಡನೆಯದರಲ್ಲಿ ತಪ್ಪು ಇಳಿಯಿತು, ಮೂರನೆಯದರಲ್ಲಿ ಇನ್ನಷ್ಟು. ನಾಲಿಗೆ ಕಚ್ಚಿಕೊಂಡು, ತಮ್ಮಷ್ಟಕ್ಕೆ ನಗುತ್ತ, ಸಾಕು ಎಂದರೂ ಬಿಡದೆ ಇನ್ನೊಂದು ಸುತ್ತು ಹೋದರು. ಕೊನೆಯಲ್ಲಿ ಸಬ್ಜೆಕ್ಟ್ ತನಗೇನು ಅನ್ನಿಸಿತೆಂದು ಹೇಳಬೇಕು, ನಾವು ಹಾಗೆಯೇ ಬರೆದುಕೊಳ್ಳಬೇಕು. ಓನರಮ್ಮ ಬರೆಯ ಮೇಲೆ ಕೈಯಾಡಿಸುತ್ತ, "ಈ ಕೈಯೂ ನಂದೇಯ ಅನ್ನುಸ್ತು, ಅಂಗೇ ಬರ್ಕೊ" ಎಂದರು. ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಪಾಸಾದೆ.

ಆ ಓದಿನಿಂದಲೇ ನನಗೆ ಶಾಲೆಯಲ್ಲಿ ಮಕ್ಕಳ ಕಷ್ಟಸುಖ ಕೇಳುವ ಕೆಲಸ ಸಿಕ್ಕಿತು. ಎಡಗೈಯಲ್ಲಿ ಬರೆಯುವ ಮಗುವನ್ನು ತಿದ್ದಿ ಎಂದು ಬರುವ ತಾಯಂದಿರಿಗೆಲ್ಲ ಓನರಮ್ಮನ ಕಥೆ ಹೇಳುತ್ತೇನೆ.

ಕಡೆಯ ಸಲ ನೋಡಲು ಹೋದಾಗ ಅವರ ಬಲಭಾಗಕ್ಕೆ ಲಕ್ವ ಹೊಡೆದಿತ್ತು. ಗೋಡೆಗೆ ಒರಗಿ ಕೂತು, ಮನೆಮಂದಿಯ ಎದುರಿಗೇ, ಎಡಗೈಯಲ್ಲಿ ಮುದ್ದೆ ಮುರಿದು ಸೊಪ್ಪಿನ ಸಾರಿಗೆ ಅದ್ದುತ್ತಿದ್ದರು. ಸೆರಗು ಎಲ್ಲೋ ಇತ್ತು. "ನೋಡ್ದಾ? ಆವತ್ತು ನೀನು ಇದುನ್ನ ಎಬ್ಬುಸ್ದೆ. ಇಲ್ದಿದ್ರೆ ಸೊಸೆ ಕೈ ಕಾಯ್ಬೇಕಾಗಿತ್ತು" ಎಂದು ತೊದಲಿದರು. ಆ ವರ್ಷದ ಯುಗಾದಿಗೆ ಮುಂಚೆಯೇ ತೀರಿಕೊಂಡರು. ನನ್ನನ್ನು ಓದಿಸಿದವರು ಅಪ್ಪ ಎಂದು ಎಲ್ಲರೂ ಹೇಳುತ್ತಾರೆ. ಓನರಮ್ಮ ಎಂಬುದು ನನಗೆ ಗೊತ್ತು. ಕಡೆಯ ಸಲ ನೋಡಿದ ಆ ದಿನ ಅವರು ಅದೇ ಎಡಗೈಯಲ್ಲಿ ಒಂದು ತುತ್ತು ಮುರಿದು ನನ್ನತ್ತ ಚಾಚಿ, ಒಂದು ಗಳಿಗೆ ಅನುಮಾನಿಸಿದರು. ನಾನು ಬಾಯಿ ತೆರೆದೆ.