ಕೇಳದಿದ್ದರೂ ಬರೆದ ನಷ್ಟ

ಔರಾದ ತಾಲೂಕಿನ ಕುರಿ ಸಾಕುವವರು ಸೇರಿ ಕಟ್ಟಿದ ಕಂಪನಿಗೆ ಲೆಕ್ಕ ಬರೆದುಕೊಡುವವನು ನಾನು. ಮನೆ ಬೀದರಿನ ಚಿದ್ರಿಯಲ್ಲಿ, ಸಿಟ್ಟು ಮೂಗಿನ ತುದಿಯಲ್ಲಿ. ಕಂಪನಿಯ ಅಧ್ಯಕ್ಷೆ ಚಿಂತಾಕಿ ಕಡೆಯ ಹೆಣ್ಣುಮಗಳು, ಎಂ.ಕಾಂ. ಓದಿ ಹಿಂಡಿನ ಕೆಲಸಕ್ಕೇ ನಿಂತವರು. ಒಂದು ದಿನ ಬಂದು, "ಸರ್, ನಮ್ಮ ಹಿಸಾಬ ಇನ್ನ ಅಂತರರಾಷ್ಟ್ರೀಯ ಪದ್ಧತಿ ಪ್ರಕಾರ ಬರೀರಿ" ಎಂದರು.

ನನಗೆ ರೇಗಿತು. ಅಷ್ಟು ಸಣ್ಣ ಕಂಪನಿಗೆ ಕಾನೂನು ಅದನ್ನು ಕೇಳುವುದೇ ಇಲ್ಲ.

"ಇಲ್ಲದ ಉಸಾಬರಿ ಯಾಕ್ರೀ ಅಕ್ಕಾರ? ಈಗ ಲೆಕ್ಕದಾಗ ಕುರಿ ಕೊಂಡಾಗಿನ ಬೆಲೀನ ತೋರಸ್ತೀವಿ. ಆ ಪದ್ಧತಿಯೊಳಗ ವರ್ಷದ ಕೊನಿಗಿ ಸಂತಿ ಬೆಲಿ ಹಿಡೀಬೇಕು. ಬೆಲಿ ಬಿತ್ತಂದ್ರ ನಷ್ಟ ಬರೀಬೇಕು. ಒಮ್ಮೆ ಹೊಕ್ಕರ ಹಿಂದ ಬರೋಹಂಗಿಲ್ಲ."

"ಹೆತ್ತವರಿಗೆ ಹೆಗ್ಗಣ ಮುದ್ದು ಸರ್. ನಮ್ಮ ಲೆಕ್ಕ ನಮಗ ಚಂದಾನೇ ಕಾಣ್ತದ. ಹೊರದೇಶದವ್ರು ಪಾಲು ಹಾಕಬೇಕಂದ್ರ ಅವ್ರ ಅಳತಿಗೂ ನಿಲ್ಲಬೇಕಲ್ರಿ."

ಭಾಲ್ಕಿಯಲ್ಲಿ ಮಾಂಸ ಕೆಡದಂತೆ ಇಡುವ ಶೀತಲಗೃಹ ಕಟ್ಟುವುದು ಅವರ ಹಟ. ಅದಿಲ್ಲದೆ ಕುರಿಯವರು ದಲಾಲರು ಹೇಳಿದ ಬೆಲೆಗೇ ಮಾರಬೇಕಿತ್ತು. ವಿದೇಶದ ಒಂದು ಸಂಸ್ಥೆ ಅದಕ್ಕೆ ಹಣ ಹಾಕಿ ಪಾಲುದಾರನಾಗಲು ಮನಸ್ಸು ಮಾಡಿತ್ತು. ಅಕ್ಕನ ಮಾತಿಗೆ ಸೋತು ನಾನು ಹೊಸ ಪದ್ಧತಿಯಲ್ಲೇ ಬರೆದೆ.

ಮೊದಲ ವರ್ಷ ಬೆಲೆ ಏರಿತು, ಎಲ್ಲರ ಮುಖದಲ್ಲೂ ಕಳೆ ಬಂತು. ಮರುವರ್ಷ ಸಂಸ್ಥೆಯವರು ಬರುವ ಹೊತ್ತಿಗೇ ಕುರಿ ಬೆಲೆ ನೆಲ ಕಚ್ಚಿತು. ಲೆಕ್ಕದಲ್ಲಿ ದೊಡ್ಡ ನಷ್ಟ. ಹೋದ ವರ್ಷದ ಬೆಲೆಯನ್ನೇ ಹಾಕಿಬಿಡಿ ಎಂದು ನಿರ್ದೇಶಕರು ನನ್ನ ಮೇಲೆ ಹರಿಹಾಯ್ದರು. ಶೀತಲಗೃಹ ಕೈತಪ್ಪಿದರೆ ಅಧ್ಯಕ್ಷರೇ ಕುರ್ಚಿ ಬಿಡಬೇಕು ಎಂದೂ ಗುಡುಗಿದರು.

ಅಕ್ಕ ದನಿ ಏರಿಸಲಿಲ್ಲ. "ಏರಿದಾಗ ಬರದೀವಿ. ಇಳದಾಗೂ ಬರೀರಿ ಸರ್."

ದೊಡ್ಡ ದೊಡ್ಡ ಮೀಸೆಯವರ ಲೆಕ್ಕ ನೋಡಿದವನು ನಾನು. ಇಂಥ ಗುಂಡಿಗೆ ನೋಡಿರಲಿಲ್ಲ. ಬರೆದೆ.

ಭಾಲ್ಕಿಯ ನಮ್ಮ ಕಚೇರಿಗೆ ಬಂದ ಸಂಸ್ಥೆಯ ಅಧಿಕಾರಿ ಆ ನಷ್ಟದ ಪುಟದ ಮೇಲೇ ಕಣ್ಣಿಟ್ಟು ಕೂತರು. ಕಾನೂನು ಕೇಳದಿದ್ದರೂ ಇದನ್ನೇಕೆ ತೋರಿಸಿದಿರಿ ಎಂದು ಹಿಂದಿಯಲ್ಲಿ ಕೇಳಿದರು. ನೀವು ಪಾಲುದಾರರಾದ ಮೇಲೆ ಗೊತ್ತಾಗುವುದು ಮೊದಲೇ ಗೊತ್ತಾಗಲಿ ಎಂದು ಅಕ್ಕನೂ ಹಿಂದಿಯಲ್ಲೇ ಹೇಳಿದರು. ಶೀತಲಗೃಹ ಕೈತಪ್ಪಿತೆಂದು ನನಗೆ ಅಳು ಬರುವುದೊಂದು ಬಾಕಿ.

ಅಧಿಕಾರಿ ಫೈಲು ಮುಚ್ಚಿ, ಶೀತಲಗೃಹ ಕಟ್ಟುವ ಜಾಗ ತೋರಿಸಿ ಎಂದರು. ಹರಿಹಾಯ್ದಿದ್ದ ನಿರ್ದೇಶಕರೇ ಎಲ್ಲರಿಗಿಂತ ಮೊದಲು ಎದ್ದು ಅಕ್ಕನಿಗೆ ಬಾಗಿಲು ತೆರೆದು ನಿಂತರು.